ಭಾವನ ವಿದೇಶಿ ಖಾತೆದಾರರು

"ಭಾವ, ಇಳಿತ ಏಳೂವರೆಗೆ."

ಡಿಸೆಂಬರಿನ ಬೆಳಗಿನ ಜಾವ ಐದಕ್ಕೆ ಫೋನಿನಲ್ಲಿ ಇಷ್ಟೇ ಹೇಳಿ ಇಟ್ಟುಬಿಡುತ್ತಾರೆ. ಅವರು ನನಗೆ ಭಾವ, ನಾನು ಅವರಿಗೆ ಭಾವ. ನಮ್ಮ ಕಡೆ ಅಕ್ಕನ ಗಂಡನಿಗೂ ಹೆಂಡತಿಯ ತಮ್ಮನಿಗೂ ಒಂದೇ ಶಬ್ದ. ಹೀಗಾಗಿ ಯಾರು ಯಾರಿಗೆ ಹೆದರಬೇಕು ಎಂಬುದು ಶಬ್ದದಿಂದ ತಿಳಿಯುವುದಿಲ್ಲ; ಹೆದರಿ ಎದ್ದು ಕೂರುವವನು ಮಾತ್ರ ಯಾವಾಗಲೂ ನಾನೇ.

ಬ್ಯಾಂಕಿನಲ್ಲಿ ಮೂವತ್ನಾಲ್ಕು ವರ್ಷ ತೇದು, ಮ್ಯಾನೇಜರಾಗಿ ನಿವೃತ್ತರಾಗಿ ಅವರು ಕುಮಟೆಗೆ ಮರಳಿದಾಗ, ಇನ್ನು ಮುಂದೆ ಬಸಳೆ ಚಪ್ಪರಕ್ಕೆ ಒಂದು ಗಂಡಾಳು ಸಿಕ್ಕಿತೆಂದು ಅಕ್ಕ ಹಿಗ್ಗಿದ್ದಳು. ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳು ಒಂದು ದುರ್ಬೀನು ಕೊಟ್ಟು ಎಲ್ಲ ಕೆಡಿಸಿದರು. ದುರ್ಬೀನಿನ ಹಿಂದೆ ದೂರದರ್ಶಕ ಬಂತು, ಅದಕ್ಕೆ ಮೂರು ಕಾಲಿನ ಸ್ಟ್ಯಾಂಡು ಬಂತು, ಹನ್ನೊಂದು ಜೇಬಿನ ಮಣ್ಣುಬಣ್ಣದ ಕೋಟು ಬಂತು. ಆ ಕೋಟು ತೊಟ್ಟು ಗದ್ದೆ ಬದುವಿನ ಮೇಲೆ ನಿಂತರೆ ಹಕ್ಕಿಗಳಿಗೆ ಕಾಣಿಸುವುದಿಲ್ಲವಂತೆ. ಹಕ್ಕಿಗಳ ವಿಷಯ ನನಗೆ ಗೊತ್ತಿಲ್ಲ, ಊರಿನ ನಾಯಿಗಳಿಗೆ ಚೆನ್ನಾಗಿಯೇ ಕಾಣಿಸುತ್ತದೆ. ಒಮ್ಮೆ ನಾನು ಕೆಂಪು ಅಂಗಿ ಹಾಕಿಕೊಂಡು ಹೋಗಿದ್ದಕ್ಕೆ ಗೇಟಿನಿಂದಲೇ ವಾಪಸು ಕಳಿಸಿದ್ದರು.

ಇಂಥವರನ್ನು ನೀವೂ ನೋಡಿರುತ್ತೀರಿ. ಮಾತಿನ ನಡುವೆ ಕೈ ಎತ್ತಿ "ಶ್!" ಎಂದು ತಲೆ ಓರೆ ಮಾಡುತ್ತಾರೆ. ಮದುವೆ ಮನೆಯಲ್ಲಿ ಎಲ್ಲರೂ ಅಕ್ಷತೆ ಹಾಕುವಾಗ ತೆಂಗಿನ ಮರದ ಕಡೆ ನೋಡುತ್ತಿರುತ್ತಾರೆ. ಆದರೆ ನಮ್ಮ ಭಾವನಲ್ಲಿ ಹಕ್ಕಿ ಹುಚ್ಚಿನ ಒಳಗೆ ಬ್ಯಾಂಕು ಹಾಗೇ ಉಳಿದಿದೆ. ವಲಸೆ ಹಕ್ಕಿಗಳೆಂದರೆ ಅವರಿಗೆ ಅನಿವಾಸಿ ಖಾತೆದಾರರು. ಮಳೆಗಾಲ ಮುಗಿಯುತ್ತಿದ್ದಂತೆ ಉತ್ತರದ ದೇಶಗಳಿಂದ ಬಂದು, ಅಘನಾಶಿನಿ ಅಳಿವೆಯ ಕೆಸರಿನಲ್ಲಿ ನಾಲ್ಕೈದು ತಿಂಗಳು ಉಂಡು, ಬೇಸಿಗೆ ಏರುವ ಹೊತ್ತಿಗೆ ಹೊರಟುಬಿಡುತ್ತವೆ. ಕಾಲಿನ ಉಂಗುರ ಖಾತೆ ಸಂಖ್ಯೆ. ಊರಲ್ಲೇ ಇರುವ ಬೆಳ್ಳಕ್ಕಿ, ಟಿಟ್ಟಿಭ, ಮಿಂಚುಳ್ಳಿಗಳೆಲ್ಲ ಉಳಿತಾಯ ಖಾತೆಯವು. ಅವು ಬಂದರೆ ಇವರು ಕುರ್ಚಿಯಿಂದ ಏಳುವುದಿಲ್ಲ.

2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಬಂದ ದಿನ ಭಾವ ಅಡುಗೆ ಮನೆಗೇ ನುಗ್ಗಿದ್ದರು. "4,801 ಹೆಕ್ಟೇರ್! ಜಗತ್ತಿನ ಪಟ್ಟಿಯಲ್ಲಿ ನಮ್ಮ ಹೊಳೆ!"

ಅಕ್ಕ ದೋಸೆ ತಿರುವಿ ಹಾಕುತ್ತ ಕೇಳಿದಳು: "ಅದರಲ್ಲಿ ನಮ್ಮದು ಎಷ್ಟು ಗುಂಟೆ?"

ಅವರ ಮತ್ತೊಂದು ಬ್ರಹ್ಮಾಸ್ತ್ರ ಗಾಡ್‌ವಿಟ್ ಕತೆ. 2022ರಲ್ಲಿ ಒಂದು ಗಾಡ್‌ವಿಟ್ ಮರಿ ಅಲಾಸ್ಕಾದಿಂದ ಹೊರಟು ಟಾಸ್ಮೇನಿಯಾದಲ್ಲಿ ಇಳಿಯಿತು. 13,560 ಕಿಲೋಮೀಟರ್, ಹನ್ನೊಂದು ದಿನ, ನಡುವೆ ಎಲ್ಲೂ ಕೂರಲಿಲ್ಲ, ಒಂದು ತುತ್ತು ತಿನ್ನಲಿಲ್ಲ. ಇದನ್ನು ಅವರು ಪ್ರತಿ ಸಲವೂ ಆಗಷ್ಟೇ ತಂತಿ ಬಂದವರ ಹಾಗೆ ಹೇಳುತ್ತಾರೆ. "ಹನ್ನೊಂದು ದಿನ ಉಪವಾಸ ಮಾಡುವ ಹಕ್ಕಿಯನ್ನು ನೋಡಲು ಇವರಿಗೆ ಹನ್ನೊಂದು ಇಡ್ಲಿ ಕಟ್ಟಿಕೊಡಬೇಕು" ಎಂಬುದು ಅಕ್ಕನ ಟಿಪ್ಪಣಿ.

ಇನ್ನು ಗದ್ದೆ ಬಯಲಿನ ಸಂಕಟ. ಕುಮಟೆಯ ಸುತ್ತ ಭತ್ತ ಕೊಯ್ದ ಮೇಲೆ ಸಿಹಿ ಈರುಳ್ಳಿ ನೆಡುತ್ತಾರೆ. ಆ ಮಡಿಗಳ ನಡುವೆ ಸಿಪಿಲೆಗಳು ಬಾಲ ಕುಣಿಸುತ್ತ ಓಡಾಡುತ್ತವೆ, ಮೇಲೆ ಸೆಳೆವ ತೇಲುತ್ತದೆ. ಭಾವ ಬದುವಿನ ಮೇಲೆ ಮೂರು ಕಾಲಿನ ಸ್ಟ್ಯಾಂಡು ಊರಿ, ಒಂದು ಕಣ್ಣು ಮುಚ್ಚಿ, ಪುಸ್ತಕದಲ್ಲಿ ಏನೋ ಬರೆದುಕೊಂಡರೆ ಐದು ನಿಮಿಷದಲ್ಲಿ ಜನ ಸೇರುತ್ತಾರೆ. ತದಡಿಗೆ ಉಷ್ಣ ವಿದ್ಯುತ್ ಸ್ಥಾವರ ಬರುತ್ತದೆಂದು ಕೇಳಿ ಹೋರಾಡಿದ ಊರು ಇದು. ಆಮೇಲೆ ಬಂದರಿನ ಮಾತು ಕೇಳಿದೆ, ಹೆದ್ದಾರಿ ಅಗಲವಾಗಿದ್ದನ್ನು ಕಂಡಿದೆ. ಮೂರು ಕಾಲಿನ ಸ್ಟ್ಯಾಂಡಿನ ಹಿಂದೆ ಒಳ್ಳೆಯ ಸುದ್ದಿ ಬಂದ ಉದಾಹರಣೆ ಇಲ್ಲಿಲ್ಲ.

"ಎಂತದ್ರಾ ಸರ್ವೆ? ಬಂದರಿಗೋ, ರಸ್ತೆಗೋ?"

"ಹಕ್ಕಿ ನೋಡ್ತಾ ಇದ್ದೇನೆ."

ಕೇಳಿದ ಮುದುಕ ನನ್ನ ಕಡೆ ತಿರುಗಿದ. "ಸರ್ಕಾರದವರು ಮೊದಲು ಹಾಗೇ ಹೇಳುವುದು" ಎಂದ. ನನಗೆ ಆತನ ಮಾತೇ ಹೆಚ್ಚು ನಂಬಬಹುದಾದದ್ದಾಗಿ ಕಂಡಿತು.

ಅಳಿವೆಯಲ್ಲಿ ಎಣಿಕೆ ನಡೆಯುವಾಗ ಭಾವನ ನಿಜರೂಪ ನೋಡಬೇಕು. ನೀರು ಇಳಿದು ಕೆಸರು ಬಯಲು ಬಿದ್ದಿರುತ್ತದೆ. ಬಳಚು ಎಂಬ ಚಿಪ್ಪುಮೀನು ತೆಗೆಯುವ ಹೆಂಗಸರು ಮೊಣಕಾಲು ನೀರಿನಲ್ಲಿ ಬಗ್ಗಿರುತ್ತಾರೆ. ಅವರಿಂದ ಮಾರು ದೂರದಲ್ಲಿ ಸ್ಯಾಂಡ್ ಪ್ಲೋವರ್‌ಗಳು ನಾಲ್ಕು ಹೆಜ್ಜೆ ಓಡಿ, ನಿಂತು, ಕುಕ್ಕಿ, ಮತ್ತೆ ಓಡುತ್ತವೆ. ಭಾವ ಗುಂಪನ್ನು ಕಣ್ಣಿನಲ್ಲೇ ನೂರು ನೂರರ ಕಟ್ಟು ಮಾಡುತ್ತಾರೆ. ತುಟಿ ಅಲ್ಲಾಡುತ್ತದೆ, ಹೆಬ್ಬೆರಳು ತನ್ನಷ್ಟಕ್ಕೆ ತೋರುಬೆರಳಿನ ಮೇಲೆ ಸವರುತ್ತದೆ, ನೋಟು ಎಣಿಸಿದ ಹಾಗೆ. ಒಮ್ಮೊಮ್ಮೆ ಬೆರಳನ್ನು ನಾಲಿಗೆಗೆ ಮುಟ್ಟಿಸುವುದನ್ನೂ ಕಂಡಿದ್ದೇನೆ. ಏಳನೇ ಕಟ್ಟಿಗೆ ಬರುವಷ್ಟರಲ್ಲಿ ಒಂದು ಗರುಡ ಸುಮ್ಮನೆ ಮೇಲೆ ಹಾದುಹೋಗುತ್ತದೆ. ಇಡೀ ತಿಜೋರಿ ಆಕಾಶಕ್ಕೆ ಹಾರುತ್ತದೆ.

"ಒಂದರಿಂದ" ಎನ್ನುತ್ತಾರೆ ಭಾವ. ಲೆಕ್ಕ ತಾಳೆಯಾಗುವವರೆಗೆ ಸಿಬ್ಬಂದಿಯನ್ನು ಮನೆಗೆ ಬಿಡದ ಮನುಷ್ಯ. ಆಗ ಮೂರು ಜನ ಗುಮಾಸ್ತರಿದ್ದರು, ಈಗ ನಾನೊಬ್ಬ.

ಕಳೆದ ಚಳಿಗಾಲದಲ್ಲಿ ಹಾಗೆ ಎಣಿಸುತ್ತಿದ್ದಾಗಲೇ ಅದು ಕಂಡಿತು. ಕಂಡಿತಂತೆ. ಕಪ್ಪು ಬಿಳುಪು ಮೈ, ಉದ್ದ ಕಾಲು, ದಪ್ಪ ಕೊಕ್ಕು. "ಕ್ರ್ಯಾಬ್ ಪ್ಲೋವರ್!" ಎಂದರು, ದನಿ ಬರಲಿಲ್ಲ, ತುಟಿ ಮಾತ್ರ ಆಡಿತು. ಅರಬರ ತೀರದಲ್ಲಿ ಮರಳು ಕೊರೆದು ಬಿಲದಲ್ಲಿ ಮೊಟ್ಟೆಯಿಡುವ ಹಕ್ಕಿ, ಈ ಕಡೆ ಬರುವುದೇ ಅಪರೂಪ. "ಬಾ, ನೋಡು!" ಎಂದು ನನ್ನ ತಲೆ ಹಿಡಿದು ದೂರದರ್ಶಕಕ್ಕೆ ಒತ್ತಿದರು. ನನಗೆ ನನ್ನ ಕಣ್ಣಿನ ರೆಪ್ಪೆ ಬಹಳ ಸ್ಪಷ್ಟವಾಗಿ ಕಂಡಿತು. ಅಷ್ಟರಲ್ಲಿ ಭರತ ಏರಿತ್ತು. ಭಾವ ಇನ್ನೂ ಹತ್ತಿರ ಹೋಗಲು ಕೆಸರಿಗೆ ಕಾಲಿಟ್ಟರು, ತೊಡೆಯವರೆಗೆ ಇಳಿದರು. ಬಳಚಿನ ಬುಟ್ಟಿ ಹೊತ್ತ ಒಬ್ಬ ಹೆಂಗಸು ಬಂದು, ಬುಟ್ಟಿ ಇಳಿಸದೆ, ಒಂದೇ ಕೈಯಲ್ಲಿ ಅವರನ್ನು ಎಳೆದು ಹಾಕಿದಳು. ಎಡಗಾಲಿನ ಚಪ್ಪಲಿ ಬರಲಿಲ್ಲ.

ರಾತ್ರಿ ಮೊಬೈಲಿನ ಪಟ್ಟಿಗೆ ಹಕ್ಕಿಯನ್ನು ಏರಿಸಿದರು. ಮೂರನೇ ದಿನ ದಾಖಲೆ ಪರಿಶೀಲಿಸುವವನಿಂದ ಉತ್ತರ ಬಂತು. ಫೋಟೋ ಇದೆಯೇ? ಆಯ್ಸ್ಟರ್‌ಕ್ಯಾಚರ್ ಆಗಿರಬಹುದೇ? ಕೊಕ್ಕಿನ ಬಣ್ಣ? ಎಷ್ಟು ದೂರದಿಂದ? ಜತೆಗೆ ನೋಡಿದವರು ಯಾರು? ವಿಚಾರಿಸಿದರೆ ಅವನು ಇನ್ನೂ ಓದುತ್ತಿರುವ ಹುಡುಗ. ಒಂದು ಪಹಣಿ ಕಡಿಮೆಯಾಯಿತೆಂದು ಎಷ್ಟೋ ರೈತರನ್ನು ಮೂರು ಸಲ ಅಲೆಸಿದ ನಮ್ಮ ಭಾವ ಅಂಗಳದಲ್ಲಿ ಅತ್ತಿಂದಿತ್ತ ನಡೆದರು. "ನನ್ನ ಮಾತಿಗೆ ಬೆಲೆ ಇಲ್ಲವಾ? ನಾನೇನು ಸುಳ್ಳು ಹೇಳ್ತೇನಾ?"

"ಆ ರೈತರೂ ಹೀಗೇ ಹೇಳ್ತಿದ್ದಿರಬೇಕು" ಎಂದಳು ಅಕ್ಕ ಒಳಗಿನಿಂದ.

ಕೊನೆಗೆ ಜಾಮೀನಿಗೆ ನಾನು ಬೇಕಾದೆ. "ನೀನೂ ನೋಡಿದ್ದೆಯಲ್ಲ, ಭಾವ?" ಎಂದರು. ಕಪ್ಪಗೆ ಏನೋ ಕಂಡದ್ದಂತೂ ನಿಜ. ಸಹಿ ಹಾಕಿದೆ. ಜಾಮೀನೂ ಸಾಲಲಿಲ್ಲ, ವಿವರ ಸಾಕಾಗದು ಎಂಬ ಒಂದು ಸಾಲಿನ ಉತ್ತರ ಬಂತು. ಭಾವ ಎರಡು ದಿನ ದುರ್ಬೀನು ಮುಟ್ಟಲಿಲ್ಲ, ಬಸಳೆಗೆ ನೀರು ಹಾಕಿದರು. ಅಕ್ಕನಿಗೆ ಅದೂ ಕಳವಳಕ್ಕಿಟ್ಟುಕೊಂಡಿತು.

ಮೂರನೇ ಬೆಳಗ್ಗೆ ಅದೇ ಹೆಂಗಸು ಬಳಚು ಮಾರುತ್ತ ಬೀದಿಗೆ ಬಂದವಳು, ನಮ್ಮಂಥ ಮನೆಯಲ್ಲಿ ಬಳಚು ಕೊಳ್ಳುವುದಿಲ್ಲವೆಂದು ಗೊತ್ತಿದ್ದೂ ಗೇಟಿನ ಹತ್ತಿರ ನಿಂತು ಕೂಗಿದಳು. ಸಾಣಿಕಟ್ಟೆಯ ಉಪ್ಪಿನಾಗರದ ಕಟ್ಟೆಗೆ ನಿಮ್ಮ ಚಪ್ಪಲಿ ಬಂದು ಬಿದ್ದಿತ್ತು ಎಂದಳು. ನೀರು ಏರಿದಾಗ ಹಕ್ಕಿಗಳೆಲ್ಲ ಅಲ್ಲಿಗೇ ಹೋಗಿ ಕೂರುವುದು, ಈ ಚಪ್ಪಲಿ ಮೇಲೂ ಒಂದು ಕೂತಿತ್ತು.

ಭಾವ ನೀರಿನ ಪೈಪು ಕೆಳಗಿಟ್ಟರು. "ಎಂಥ ಹಕ್ಕಿ?"

"ಕರೀದು ಬಿಳೀದು. ದಪ್ಪ ಕೊಕ್ಕಿಂದು. ಎರಡು ಮೂರು ವರ್ಷದಿಂದ ಬರ್ತದ್ರಾ."

"ಫೋಟೋ ತೆಗೆದಿದ್ದೀಯಾ?"

ಅವಳು ಅವರನ್ನೊಮ್ಮೆ ನೋಡಿ, ಬುಟ್ಟಿಯ ಮೂಲೆಯಿಂದ ಚಪ್ಪಲಿ ತೆಗೆದು ಎತ್ತಿ ಹಿಡಿದಳು. ಹಿಮ್ಮಡಿಯ ಜಾಗದಲ್ಲಿ, ಸರಿಯಾಗಿ ನಡುವೆ, ಬೆಳ್ಳಗೆ ಒಂದು ಮೊಹರು ಬಿದ್ದಿತ್ತು.