ಇರಲಿ ಬಿಡಿ ಎಂಬ ಕಾಲಮ್ಮು

ಕಂಪ್ಯೂಟರಿಗೆ ನಿಧಾನದ ರೋಗ ಬಂದರೆ ಮದ್ದು ಹೇಳದ ಮನುಷ್ಯನನ್ನು ನಾನಿನ್ನೂ ನೋಡಿಲ್ಲ. ವೈರಸ್ ಹೊಕ್ಕಿದೆ ಅನ್ನುವವರು, ಆಫ್ ಮಾಡಿ ಆನ್ ಮಾಡಿ ಅನ್ನುವವರು, ಈ ಸಲ ಆಯುಧಪೂಜೆಗೆ ಸರಿಯಾಗಿ ಕುಂಬಳಕಾಯಿ ಒಡೆಯಲಿಲ್ಲ ಎಂದು ನೆನಪಿಸುವವರು. ನಮ್ಮ ಆಫೀಸಿನಲ್ಲಿ ಪಂಪ್‌ಸೆಟ್ಟು, ಪೈಪು ಮಾರಿದ ಲೆಕ್ಕವೆಲ್ಲ ಒಂದೇ ಎಕ್ಸೆಲ್ ಫೈಲಿನಲ್ಲಿದೆ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಕಾಫಿಗೆ ಹೋಗುವುದು ರೂಢಿ. ಬೈ-ಟು ಕುಡಿದು, ರಾಜ್ಯ ರಾಜಕೀಯ ಮುಗಿಸಿ, ಕೇಂದ್ರಕ್ಕೆ ಕೈ ಹಾಕಿ ಬಂದರೂ ಕೆಳಗಿನ ಪಟ್ಟಿಯಲ್ಲಿ ‘ಕ್ಯಾಲ್ಕ್ಯುಲೇಟಿಂಗ್’ ಶೇಕಡಾ 34ರಲ್ಲೇ ನಿಂತಿರುತ್ತದೆ. ತಾಳ್ಮೆಗೆಟ್ಟು ಇನ್ನೊಂದು ಕ್ಲಿಕ್ ಮಾಡಿದಿರೋ, ಪರದೆ ಬಿಳುಚಿಕೊಂಡು ‘ನಾಟ್ ರೆಸ್ಪಾಂಡಿಂಗ್’ ಎನ್ನುತ್ತದೆ.

ಹಾರ್ಡ್‌ವೇರ್ ಹುಡುಗ ಬಂದ. “ರ‍್ಯಾಮ್ ಸಾಲ್ದು ಸಾರ್” ಅಂದ. 16 ಜಿಬಿ ಹಾಕಿದ, ಬಿಲ್ ಕೊಟ್ಟ, ಹೋದ. ಫೈಲು ಮಾತ್ರ ಹಳೆಯ ಗಾಂಭೀರ್ಯ ಬಿಡಲಿಲ್ಲ. ನಮ್ಮದು 2010ರ ಎಕ್ಸೆಲ್, ಅದೂ 32 ಬಿಟ್‌ನದು. ಎಷ್ಟು ಬಡಿಸಿದರೂ ಅದಕ್ಕೆ 2 ಜಿಬಿಯ ಆಚೆ ಉಣ್ಣಲು ಬರುವುದಿಲ್ಲ. ಹೊಸ ರ‍್ಯಾಮ್ ಕೆಲಸ ಮಾಡಿದ್ದು ಬಿಲ್ಲಿನಲ್ಲಿ ಮಾತ್ರ.

ಕೊನೆಗೆ ಫೈಲಿನೊಳಗೆ ಇಣುಕುವ ಕೆಲಸ ನನ್ನ ಪಾಲಿಗೆ ಬಂತು. ಕಂಟ್ರೋಲ್ ಹಿಡಿದು ಎಂಡ್ ಒತ್ತಿದೆ. ಎಕ್ಸೆಲ್ ತಾನು ಬಳಸುತ್ತಿದ್ದೇನೆಂದು ತಿಳಿದಿರುವ ಕಟ್ಟಕಡೆಯ ಸೆಲ್ಲಿಗೆ ಇದು ಕರೆದೊಯ್ಯುತ್ತದೆ. ನಮ್ಮ ಮಾಹಿತಿ ಮುಗಿಯುವುದು 40,000ದ ಆಸುಪಾಸಿನಲ್ಲಿ. ಕರ್ಸರ್ ಹೋಗಿ ನಿಂತದ್ದು 10,48,576ನೇ ಸಾಲಿನಲ್ಲಿ, ಅಂದರೆ ಹಾಳೆಯೇ ಮುಗಿಯುವಲ್ಲಿ. ಯಾರೋ ಪುಣ್ಯಾತ್ಮರು ತಳದವರೆಗೂ ಸೆಲೆಕ್ಟ್ ಮಾಡಿ ಹಳದಿ ಬಳಿದಿದ್ದರು. 2007ರ ಎಕ್ಸೆಲ್ ಬರುವ ಮುಂಚೆ ಹಾಳೆ 65,536 ಸಾಲಿಗೇ ಮುಗಿಯುತ್ತಿತ್ತು. ಆ ಹಳೆಯ ನಮೂನೆಯ ಫೈಲನ್ನೇ ನೆಚ್ಚಿಕೊಂಡ ಇಂಗ್ಲೆಂಡಿನ ಆರೋಗ್ಯ ಸಂಸ್ಥೆಯ ದೈನಿಕ ಲೆಕ್ಕದಿಂದ 2020ರಲ್ಲಿ 15,841 ಕೋವಿಡ್ ಪ್ರಕರಣಗಳು ಬಿಟ್ಟುಹೋಗಿದ್ದವು. ಜಾಗ ಸಾಲದೆ ಅವರು ಕೆಟ್ಟರು, ಜಾಗ ಹೆಚ್ಚಾಗಿ ನಾವು.

ಇನ್ನು ಫಾರ್ಮುಲಾಗಳ ಕತೆ. ಸಾಲುಸಾಲಿಗೂ ವಿಲುಕಪ್ ಎಂಬ ಹುಡುಕುವ ಫಾರ್ಮುಲಾ. ನಮ್ಮ ಎಕ್ಸೆಲ್‌ನಲ್ಲಿ ಅದು ಮೇಲಿನಿಂದ ಒಂದೊಂದೇ ಸಾಲು ಓದುತ್ತ ಇಳಿಯುತ್ತದೆ. ಸಿಕ್ಕರೆ ನಿಲ್ಲುತ್ತದೆ, ಸಿಗದಿದ್ದರೆ ತಳ ಮುಟ್ಟಿ ಕೈಚೆಲ್ಲುತ್ತದೆ. ಹೆಸರು ತರಲು ಒಮ್ಮೆ, ಊರು ತರಲು ಒಮ್ಮೆ, ಜಿಎಸ್‌ಟಿ ನಂಬರಿಗೆ ಮತ್ತೊಮ್ಮೆ, ಒಬ್ಬನೇ ಗಿರಾಕಿಗಾಗಿ ಮೇಲಿಂದ ಕೆಳಗೆ ಅದೇ ಅಲೆದಾಟ. ಬಾಕಿ ಎಷ್ಟು ದಿನದ್ದು ಎಂದು ನೋಡಲು ಸಾಲಿಗೊಂದು ಟುಡೇ. ಟುಡೇ, ನೌ, ಆಫ್‌ಸೆಟ್, ಇಂಡೈರೆಕ್ಟ್‌ಗಳ ಜಾತಕವೇ ಹಾಗೆ: ಹಾಳೆಯ ಯಾವ ಮೂಲೆಯಲ್ಲಿ ಏನು ಬರೆದರೂ ಎದ್ದು ಮತ್ತೆ ಲೆಕ್ಕ ಹಾಕುತ್ತವೆ. ‘ಹೊಸದುರ್ಗ’ದ ಒತ್ತಕ್ಷರ ತಿದ್ದಿದರೂ ಸಾಕು, ಇವತ್ತು ಇವತ್ತೇ ಹೌದೇ ಎಂದು 40,000 ಸಾಲುಗಳಲ್ಲಿ ವಿಚಾರಣೆ! ತಾರೀಕನ್ನು ಒಂದೇ ಸೆಲ್ಲಿನಲ್ಲಿ ಕೈಯಾರೆ ಬರೆದು ಉಳಿದವನ್ನು ಅದಕ್ಕೆ ಕಟ್ಟಿದೆ. ಗಿರಾಕಿ ಎಷ್ಟನೇ ಸಾಲಿನಲ್ಲಿದ್ದಾನೆಂದು ಮ್ಯಾಚ್‌ನಿಂದ ಒಮ್ಮೆ ಹುಡುಕಿಸಿ, ಮಿಕ್ಕದ್ದನ್ನು ಇಂಡೆಕ್ಸ್‌ನಿಂದ ತರಿಸಿದೆ. ಇಷ್ಟು ಸುಲಭ. ಕಷ್ಟವಿದ್ದದ್ದು ಅಳಿಸುವುದರಲ್ಲಿ.

“ಮೇಡಂ, ಈ ಫ್ಯಾಕ್ಸ್ ನಂಬರ್ ಕಾಲಮ್ ತೆಗೀಲಾ?” ಎಂದು ಅಕೌಂಟ್ಸಿನವರನ್ನು ಕೇಳಿದೆ.

“ಇರ್ಲಿ ಬಿಡಿ. ಅದೇನು ಅನ್ನ ಕೇಳುತ್ತಾ?”

“ಸಾಲಿಗೊಂದು ವಿಲುಕಪ್ ಕೇಳುತ್ತೆ ಮೇಡಂ.”

“ನಾನು ಸೇರಿದಾಗಿನಿಂದ ಇದೆ” ಎಂದರು. ಆ ಮಾತಿಗೆ ಯಾವ ಸಾಫ್ಟ್‌ವೇರಿನಲ್ಲೂ ಉತ್ತರವಿಲ್ಲ.

ಅಷ್ಟರಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಇದನ್ನೆಲ್ಲ ಪವರ್ ಬಿಐ ಎಂಬ, ಲೆಕ್ಕವನ್ನು ಚಿತ್ರಗಳಾಗಿ ತೋರಿಸುವ ಸಾಫ್ಟ್‌ವೇರಿಗೆ ಏರಿಸಿದಳು. ಅಲ್ಲಿ ಮಾಹಿತಿಯನ್ನು ಕಾಲಮ್ ಕಾಲಮ್ಮಾಗಿ ಒತ್ತಿ ಇಡುತ್ತಾರೆ. ‘ತುಮಕೂರು’ ಹತ್ತು ಸಾವಿರ ಸಲ ಬಂದರೂ ಹೆಸರು ಬರೆದಿಡುವುದು ಒಂದೇ ಸಲ. ಆದರೆ ಬಿಲ್ಲಿನ ಹೊತ್ತು ಸೆಕೆಂಡು ಸಮೇತ ಇದ್ದರೆ ಒಂದರಂತೆ ಇನ್ನೊಂದಿರುವುದು ಅಪರೂಪ, ಒತ್ತಲು ಬರುವುದಿಲ್ಲ. ತಾರೀಕೊಂದೇ ಸಾಕಲ್ಲ ಎಂದಳು. “ಸೆಕೆಂಡೂ ಇರ್ಲಿ ಬಿಡಮ್ಮ, ಯಾವತ್ತಾದ್ರೂ ಬೇಕಾಗ್ಬಹುದು” ಎಂದರು ಸಾಹೇಬರು. ಪಂಪ್‌ಸೆಟ್ ಕೊಳ್ಳುವ ರೈತ ಬೋರ್‌ವೆಲ್ ಕೊರೆಸಿ, ಸಾಲ ಹುಟ್ಟಿಸಿ, ನಾಲ್ಕು ಅಂಗಡಿ ತಿರುಗಿ ಬರುವವನು. ಅವನು 11 ಗಂಟೆ 15 ನಿಮಿಷ 17 ಸೆಕೆಂಡಿಗೆ ದುಡ್ಡು ಕೊಟ್ಟನೆಂಬುದರಿಂದ ಯಾವ ವ್ಯಾಪಾರತಂತ್ರ ಹೊಳೆಯುತ್ತದೋ ಸಾಹೇಬರೇ ಬಲ್ಲರು.

ಸೆಕೆಂಡನ್ನು ಅವಳು ಹೇಳದೆ ಕೇಳದೆ ತೆಗೆದಳು. ಇವತ್ತಿನವರೆಗೆ ಯಾರೂ ಹುಡುಕಿಲ್ಲ. ಆಮೇಲೆ ಪರ್ಫಾರ್ಮೆನ್ಸ್ ಅನಲೈಜರ್ ಹಚ್ಚಿದಳು. ಪುಟದಲ್ಲಿರುವ ಯಾವ ಚಿತ್ರ ಎಷ್ಟು ಮಿಲಿಸೆಕೆಂಡು ತಿಂದಿತೆಂದು ಅದು ಪಟ್ಟಿ ಕೊಡುತ್ತದೆ. ಎಲ್ಲಕ್ಕಿಂತ ಹೆಚ್ಚು ತಿಂದದ್ದು ಸಾಹೇಬರ ಅಚ್ಚುಮೆಚ್ಚಿನ ಕರ್ನಾಟಕದ ನಕ್ಷೆ. ಅದನ್ನು ಬೇರೆ ಪುಟಕ್ಕೆ ಸಾಗಿಸುವ ಪ್ರಸ್ತಾವ ಮೀಟಿಂಗಿನಲ್ಲೇ ಬಿದ್ದುಹೋಯಿತು.

ಈಗ ಫೈಲು ಕುರ್ಚಿ ಎಳೆದು ಕೂರುವಷ್ಟರಲ್ಲಿ ತೆರೆದುಕೊಳ್ಳುತ್ತದೆ. ನಿಮ್ಮಲ್ಲೂ ಇಂಥದೊಂದಿದ್ದರೆ ಮೊದಲು ನಕಲು ಮಾಡಿಟ್ಟುಕೊಳ್ಳಿ, ಆಮೇಲೆ ಫ್ಯಾಕ್ಸ್ ಕಾಲಮ್ ಅಳಿಸಿ. ಯಾರನ್ನೂ ಕೇಳಲು ಮಾತ್ರ ಹೋಗಬೇಡಿ.