ಒತ್ತು, ಹಿಡ್ಕೋ, ಬಿಡು

ಮೂಡಿಗೆರೆಯಿಂದ ಸಕಲೇಶಪುರದವರೆಗೆ ಯಾವ ಊರಿಗೆ ಹೋದರೂ ಒಬ್ಬ ಜೀಪಣ್ಣ ಸಿಗುತ್ತಾನೆ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇದ್ದೀತು. ಅದು ಪಹಣಿಗೆ ಮಾತ್ರ. ಅವನನ್ನು ಗುರುತಿಸಲು ಮುಖ ನೋಡಬೇಕಿಲ್ಲ, ಕಾಲು ನೋಡಿದರೆ ಸಾಕು. ಶೆಡ್ಡಿನಲ್ಲಿ ಜೀಪಿನಡಿಯಿಂದ ಎರಡು ಹವಾಯಿ ಚಪ್ಪಲಿ ಹೊರಚಾಚಿದ್ದರೆ ಜೀಪಣ್ಣ ಮನೆಯಲ್ಲಿದ್ದಾನೆ ಎಂದರ್ಥ. ಬಂದ ನೆಂಟರು ಆ ಚಪ್ಪಲಿಗಳಿಗೇ ನಮಸ್ಕಾರ ಹೇಳುತ್ತಾರೆ. ಅವೂ ಅಲ್ಲಾಡಿ, "ಕಾಫಿ ಕುಡಿದು ಹೋಗಿ" ಎನ್ನುತ್ತವೆ.

ಜೀಪು ಅಪ್ಪನ ಕಾಲದ ಸಿಜೆ-3ಬಿ. ಅದರ ವಂಶಾವಳಿ ಜೀಪಣ್ಣನಿಗೆ ಬಾಯಿಪಾಠ. 1947ರಲ್ಲಿ ಮಹೀಂದ್ರದವರು ಬೊಂಬಾಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಹೊರಟಲ್ಲಿಂದ ಕಥೆ ಶುರುವಾಗುತ್ತದೆ. 1953ರಲ್ಲಿ ಅಮೆರಿಕದಲ್ಲಿ ಸಿಜೆ-3ಬಿ ಬಂದದ್ದು, ಒಳಗಿನ ಹರಿಕೇನ್ ಎಂಜಿನ್ ಎತ್ತರವಾಯಿತೆಂದು ಬಾನೆಟ್ಟನ್ನೂ ಎತ್ತರಿಸಿದ್ದು, ಇಲ್ಲಿಗೆ ಬರುವಷ್ಟರಲ್ಲಿ ಕೇಳುವವರ ಕಾಫಿ ಆರಿರುತ್ತದೆ. ಕೊನೆಗೊಂದು ಫಲಶ್ರುತಿ: "ಎಲ್ಲಾ ಎತ್ತರ ಅವ್ರೇ ಮಾಡಿ ಕಳ್ಸಿದ್ರು ಮಾರಾಯ. ಬ್ರೇಕ್ ಪೆಡಲ್ ಎತ್ತರ ಒಂದನ್ನ ನಂಗೆ ಬಿಟ್ರು."

ಆ ಪೆಡಲು ನೆಲದ ತಗಡಿನ ಸೀಳಿನಿಂದ ತಲೆ ಎತ್ತಿರುತ್ತದೆ. ಮಳೆಗಾಲದಲ್ಲಿ ಅದೇ ಸೀಳಿನಿಂದ ಕೆಸರೂ ಏಳುತ್ತದೆ. ಒತ್ತಿದರೆ ಪೆಡಲು ಯಾವ ತಕರಾರೂ ಇಲ್ಲದೆ ತಗಡಿನವರೆಗೆ ಇಳಿಯುತ್ತದೆ. ಜೀಪಣ್ಣನ ಶಾಸ್ತ್ರದಲ್ಲಿ ಬ್ರೇಕಿಗೆ ಮೂರು ಪಂಪು: ಮೊದಲನೆಯದು ಎಬ್ಬಿಸುವುದಕ್ಕೆ, ಎರಡನೆಯದು ಒಪ್ಪಿಸುವುದಕ್ಕೆ, ಮೂರನೆಯದು ನಿಲ್ಲಿಸುವುದಕ್ಕೆ. ಚಾರ್ಮಾಡಿ ಘಾಟಿ ಇಳಿಯುವಾಗ ಒಂದು ತಿರುವಿಗೆ ಬೇಕಾದ ಬ್ರೇಕನ್ನು ಅದರ ಹಿಂದಿನ ತಿರುವಿನಲ್ಲೇ ಶುರು ಮಾಡಿಕೊಳ್ಳುತ್ತಾನೆ.

ಇದರಿಂದ ಲಾಭವೂ ಇದೆ. ಯಾರಾದರೂ ಜೀಪು ಕೇಳಿಕೊಂಡು ಬಂದರೆ ಜೀಪಣ್ಣ ಇಲ್ಲವೆನ್ನುವುದಿಲ್ಲ. ಕೀ ಮುಂದೆ ಹಿಡಿದು, "ಧಾರಾಳವಾಗಿ ತಗೊಂಡ್ಹೋಗು. ಬ್ರೇಕ್ ಎಲ್ಲಿ ಹಿಡಿಯುತ್ತೆ ಅಂತ ಗೊತ್ತಲ್ಲ?" ಎಂದು ಕೇಳುತ್ತಾನೆ, ಅಷ್ಟೇ. ಬಂದವನು ಬಸ್ಸಿನ ಟೈಮು ವಿಚಾರಿಸಿಕೊಂಡು ಹೊರಡುತ್ತಾನೆ.

ಹಾಗಂತ ಜೀಪಣ್ಣ ಸುಮ್ಮನೆ ಕೂತವನಲ್ಲ. ಭಾನುವಾರ ಬಂತೆಂದರೆ ನೆಲದ ಮುಚ್ಚಳ ಏಳುತ್ತದೆ. ಮಾಸ್ಟರ್ ಸಿಲಿಂಡರ್ ಇರುವುದು ಡ್ರೈವರನ ಕಾಲಡಿಯಲ್ಲೇ, ಚಾಸಿಸ್ಸಿಗೆ ಅಂಟಿಕೊಂಡು. ಪೆಡಲಿಗೂ ಅದಕ್ಕೂ ನಡುವೆ ಒಂದು ಪುಶ್ ರಾಡ್. ಲಾಕ್ ನಟ್ ಸಡಿಲಿಸಿ ರಾಡನ್ನು ಉದ್ದ ಮಾಡಿದರೆ ಬ್ರೇಕು ಮೇಲೇ ಹಿಡಿಯುತ್ತದೆ. ಆದರೆ ಪೆಡಲಿಗೆ ಅರ್ಧ ಅಂಗುಲ ಪ್ಲೇ ಬಿಡಲೇಬೇಕು ಎನ್ನುತ್ತದೆ ಕಂಪನಿಯ ಪುಸ್ತಕ. ಜೀಪಣ್ಣನಿಗೆ ಇದು ಹಿಡಿಸುವುದಿಲ್ಲ. "ನಮ್ಮ ಜೀಪಲ್ಲಿ ನಾವ್ಯಾಕೆ ಅರ್ಧ ಅಂಗುಲ ಖಾಲಿ ಬಿಡ್ಬೇಕು?" ತೋಟದ ಬೇಲಿಯ ವಿಷಯದಲ್ಲೂ ಅವನದು ಇದೇ ನೀತಿ.

ಒಮ್ಮೆ ಆ ಅರ್ಧ ಅಂಗುಲವನ್ನೂ ಪೂರ್ತಿ ನುಂಗಿಹಾಕಿದ. ಪ್ಲೇ ಇಲ್ಲದಿದ್ದರೆ ಪೆಡಲು ಬಿಟ್ಟರೂ ಒಳಗಿನ ರಬ್ಬರ್ ಕಪ್ಪು ಪೂರ್ತಿ ಹಿಂದೆ ಸರಿಯುವುದಿಲ್ಲ. ಆಯಿಲ್ ವಾಪಸಾಗುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಬ್ರೇಕು ಹಿಡಿದೇ ಇರುತ್ತದೆ, ಡ್ರಮ್ಮು ಕಾಯುತ್ತದೆ, ಕಾದಷ್ಟೂ ಇನ್ನೂ ಹಿಡಿಯುತ್ತದೆ. ಏರು ಹತ್ತುತ್ತಿದ್ದ ಜೀಪು ಸುಟ್ಟ ವಾಸನೆಯೊಂದಿಗೆ ನಡುದಾರಿಯಲ್ಲಿ ತಾನಾಗಿ ನಿಂತಿತು. ಜೀಪಣ್ಣ ಹಿಂದೆ ಕೂತವರ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದ: "ನೋಡಿದ್ರಾ? ಒತ್ತದೇನೇ ನಿಲ್ತು!"

ಬ್ರೇಕಿನ ಪೈಪಿನಿಂದ ಏರ್ ತೆಗೆಯುವ ದಿನವಂತೂ ಇಡೀ ಮನೆಗೆ ಕೆಲಸ. ಅದು ಒಬ್ಬರಿಂದ ಆಗುವ ಕಾರ್ಯವಲ್ಲ. ಜೀಪಣ್ಣ ದೂರದ ಚಕ್ರದ ಬಳಿ ಟ್ಯೂಬಿನ ತುದಿಯನ್ನು ಹಾರ್ಲಿಕ್ಸ್ ಬಾಟಲಿಗೆ ಇಳಿಸಿಕೊಂಡು ಮಲಗುತ್ತಾನೆ. ಡ್ರೈವರ್ ಸೀಟಿನಲ್ಲಿ ಹೆಂಡತಿ. "ಒತ್ತು... ಹಿಡ್ಕೋ... ಬಿಡು. ಬಿಡು ಅಂದ್ರೆ ಈಗಲ್ಲ!" ನಟ್ಟು ಬಿಗಿಯುವ ಮೊದಲೇ ಪೆಡಲು ಬಿಟ್ಟರೆ ಹೊರಗಿನ ಗಾಳಿ ಮತ್ತೆ ಒಳಗೆ. ತಪ್ಪು ಹೇಳಿದವನದೋ, ಬಿಟ್ಟವಳದೋ ಎಂಬ ವಿಚಾರಣೆ ಮದುವೆಯಾದಂದಿನಿಂದ ನಡೆಯುತ್ತಿದೆ.

ಅಷ್ಟು ವರ್ಷ ಒತ್ತಿ ಹಿಡಿದು ಬಿಟ್ಟ ಆಕೆಯ ಪಾದಕ್ಕೆ ಯಾವ ಮೆಕ್ಯಾನಿಕ್ಕಿಗೂ ಇಲ್ಲದ ವಿದ್ಯೆ ಬಂದುಬಿಟ್ಟಿದೆ. ಒಂದು ಭಾನುವಾರ ಸೀಟಿನಿಂದಲೇ ತೀರ್ಪು ಕೊಟ್ಟಳು. "ರೀ, ಗಾಳಿ ಇದ್ರೆ ಮೆತ್ತಗಿರುತ್ತೆ. ಇದು ಕೆಳಗೆ ಹೋದ್ರೂ ಗಟ್ಟಿ ಇದೆ, ಪಂಪ್ ಮಾಡಿದ್ರೆ ಮೇಲೆ ಬರುತ್ತೆ. ಬ್ರೇಕ್ ಶೂ ಸವೆದಿದೆ. ಮೊದ್ಲು ಚಕ್ರ ನೋಡಿ. ಆಮೇಲೆ ಆ ಅರ್ಧ ಅಂಗುಲ ವಾಪಸ್ ಬಿಡಿ. ಬೇಲಿದೂ ಬಿಟ್ರೆ ಒಳ್ಳೇದು."

ಬೇಲಿಯ ಮಾತು ಕೇಳಿಸದವನಂತೆ ಜೀಪಣ್ಣ ಜಾಕಿ ತಂದ. ನಾಲ್ಕೂ ಚಕ್ರ ಒಂದೊಂದಾಗಿ ಎತ್ತಿ, ಶೂ ಡ್ರಮ್ಮಿಗೆ ತಾಗುವವರೆಗೆ ಅಡ್ಜಸ್ಟರ್ ತಿರುಗಿಸಿ, ಚಕ್ರ ಸಲೀಸಾಗಿ ಸುತ್ತುವಷ್ಟು ಹಿಂದಕ್ಕೆ ಬಿಟ್ಟ. ಪುಶ್ ರಾಡಿಗೆ ಪ್ಲೇ ಕೊಟ್ಟ. ಪೆಡಲು ಪುಸ್ತಕದಲ್ಲಿ ಹೇಳಿದ ಹಾಗೇ ನಿಂತಿತು.

ಮರುದಿನ ಸಂತೆಗೆ ಹೊರಟ ಜೀಪು. ಮಾರ್ಕೆಟ್ಟು ಇನ್ನೂ ದೂರವಿರುವಾಗಲೇ ಜೀಪಣ್ಣನ ಕಾಲು ಅಭ್ಯಾಸಬಲದಿಂದ ಮೊದಲ ಪಂಪು ಹೊಡೆಯಿತು. ಜೀಪು ಅಲ್ಲೇ ನಿಂತಿತು. ಹಿಂದಿದ್ದ ಮೆಣಸಿನ ಮೂಟೆ, ಇಬ್ಬರು ನೆಂಟರು ಮತ್ತು ಒಂದು ಹುಂಜ ಮುಂದಿನ ಸೀಟಿಗೆ ಬಂದರು.

"ಥೂ, ಎಂಥ ಬ್ರೇಕಪ್ಪ ಇದು! ಒತ್ತಿದ ಕೂಡ್ಲೆ ಹಿಡಿಯೋದಾ?" ಎಂದ ಜೀಪಣ್ಣ. ನೆಂಟರು ಹಣೆ ಉಜ್ಜಿಕೊಂಡು ಸಂತೆಯಿಡೀ ಈ ಸುದ್ದಿ ಹಂಚಿದರು. ಸಂಜೆಯೊಳಗೆ ಜಗಲಿಯಲ್ಲಿ ಮೂವರು ಕೂತಿದ್ದರು. ಒಬ್ಬನಿಗೆ ಗೊಬ್ಬರ ತರಬೇಕು, ಒಬ್ಬನಿಗೆ ಮಗಳ ನಿಶ್ಚಿತಾರ್ಥ, ಮತ್ತೊಬ್ಬನಿಗೆ ಧರ್ಮಸ್ಥಳದ ಹರಕೆ. ಮೂವರಿಗೂ ಜೀಪು ಬೇಕು.

"ಕೊಡಬಹುದಿತ್ತು ಮಾರಾಯ," ಜೀಪಣ್ಣ ದನಿ ತಗ್ಗಿಸಿದ. "ಏನು ಮಾಡೋದು, ಪೆಡಲ್ ಸ್ವಲ್ಪ ಕೆಳಗೆ ಹೋಗ್ತಾ ಇದೆ."

"ಏನೂ ಹೋಗ್ತಾ ಇಲ್ಲ," ಅಡುಗೆಮನೆಯಿಂದ ಉತ್ತರ ಬಂತು. "ಈಗಷ್ಟೇ ಒತ್ತಿ ನೋಡಿ ಬಂದೆ. ಕೀ ಕೊಡಿ ಅವ್ರಿಗೆ."