ವಾಡಿ ಜಂಕ್ಷನ್ನಿನ ಅಮೆರಿಕಾ ಕಾಕಾ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದರಲ್ಲಿ ಯಾವ ಊರಿನ ಚಾದಂಗಡಿಗೆ ಹೋದರೂ ಒಬ್ಬ ಅಮೆರಿಕಾ ಕಾಕಾ ಸಿಕ್ಕೇ ಸಿಗುತ್ತಾರೆ. ನಿವೃತ್ತ ಮಾಸ್ತರರೋ, ರೈಲ್ವೆಯಲ್ಲಿದ್ದು ಪಿಂಚಣಿ ಪಡೆಯುವವರೋ, ಪರ್ಸಿ ಕಲ್ಲಿನ ಗಣಿಯಲ್ಲಿ ಲೆಕ್ಕ ಬರೆದವರೋ ಆಗಿರುತ್ತಾರೆ. ಪಾಸ್‌ಪೋರ್ಟ್ ಇಲ್ಲ, ದೂರ ಅಂದರೆ ಹೈದರಾಬಾದು. ನಮ್ಮ ಪುರಸಭೆಗೆ ವಾರ್ಡು ಎಷ್ಟು ಎಂದು ಕೇಳಿದರೆ ತಡವರಿಸುತ್ತಾರೆ. ಅಮೆರಿಕದ 538 ಎಲೆಕ್ಟೋರಲ್ ಮತಗಳಲ್ಲಿ 270 ಕೂಡಿಸುವುದು ಹೇಗೆ ಎಂದು ಕೇಳಿ ನೋಡಿ: ಟೇಬಲ್ಲಿನ ಮೇಲೆ ಚೆಲ್ಲಿದ ಚಾದಲ್ಲೇ ಬೆರಳದ್ದಿ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್ ಮೂರನ್ನೂ ಬರೆದು ತೋರಿಸುತ್ತಾರೆ. 2000ದಲ್ಲಿ ಫ್ಲೋರಿಡಾದ 537 ಮತಗಳ ಅಂತರದಿಂದ ಅಲ್ ಗೋರ್ ಸೋತದ್ದನ್ನು, ಪಕ್ಕದ ಓಣಿಯ ಹುಡುಗ ಒಂದೇ ಅಂಕದಿಂದ ಫೇಲಾದಂತೆ ಇವತ್ತಿಗೂ ಮರುಗಿ ಹೇಳುತ್ತಾರೆ. ಅದು ಮುಗಿದರೆ ಟೈಟಾನಿಕ್ ಚಿತ್ರದ ಹಲಗೆಯ ಮೇಲೆ ಇಬ್ಬರಿಗೂ ಜಾಗ ಇತ್ತೋ ಇಲ್ಲವೋ, ಟಿವಿ ಕುಸ್ತಿಯ ಅಂಡರ್‌ಟೇಕರ್ ನಿಜಕ್ಕೂ ಎಷ್ಟು ಸಲ ಸತ್ತ ಎಂಬ ವಿಚಾರಣೆ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದೆಂದರೆ, ನಮ್ಮೂರಿನ ಯಾವ ಮಾತು ಎತ್ತಿದರೂ ಕಾಕಾ ಅದನ್ನು ಅಟ್ಲಾಂಟಿಕ್ ದಾಟಿಸಿಬಿಡುವುದು. ಹೊಲದ ದಾರಿ ಕೆಟ್ಟಿದೆ ಎಂದರೆ ಐಸೆನ್‌ಹೋವರ್ 1956ರಲ್ಲಿ ಹೆದ್ದಾರಿಗೆ ಸಹಿ ಹಾಕಿದ ಕಥೆ. ತೊಗರಿಗೆ ರೇಟಿಲ್ಲ ಎಂದರೆ ಟ್ರಂಪ್ ಹಾಕಿದ ಸುಂಕ. ಯಾರಾದರೂ ಸುಮ್ಮನೆ, “ಕಾಕಾ, ಅಂಗಳದಾಗ ಹಾಕಿದ ಅರಬಿ ಒಣಗೂದ್ರಾಗ ಧೂಳು ಕೂತು ಬೂದಿ ಬಣ್ಣ ಆಗ್ಯಾವ ನೋಡ್ರಿ” ಎಂದರೆ ಸಾಕು, ಚಾದ ಕಪ್ಪು ಬದಿಗೆ ಸರಿಯುತ್ತದೆ. “ತಮ್ಮಾ, ಡೊನೋರಾದಾಗ ಏನಾಯ್ತು ಗೊತ್ತದ ಏನು?” ಗೊತ್ತಿಲ್ಲ ಎಂದರೂ ಹೇಳುತ್ತಾರೆ, ಗೊತ್ತದ ಎಂದರೂ ಹೇಳುತ್ತಾರೆ. ಪೆನ್ಸಿಲ್ವೇನಿಯಾದ ಒಂದು ಸಣ್ಣ ಕಾರ್ಖಾನೆ ಊರು ಅದು. 1948ರ ಅಕ್ಟೋಬರಿನಲ್ಲಿ ಸತುವಿನ ಕಾರ್ಖಾನೆಯ ಹೊಗೆ ಊರ ಮೇಲೆಯೇ ನಿಂತು 20 ಜನ ಸತ್ತರು, ಸಾವಿರಾರು ಮಂದಿ ಹಾಸಿಗೆ ಹಿಡಿದರು. ಆ ಚರ್ಚೆ ಬೆಳೆದು 1955ರಲ್ಲಿ ವಾಯುಮಾಲಿನ್ಯದ ಬಗ್ಗೆ ಅಲ್ಲಿನ ಮೊದಲ ರಾಷ್ಟ್ರೀಯ ಕಾನೂನು, 1970ರಲ್ಲಿ ಇನ್ನೂ ಬಿಗಿಯಾದದ್ದು ಬಂತು. ಇಷ್ಟು ಮುಗಿಯುವಷ್ಟರಲ್ಲಿ ಅರಬಿಯ ಮಾತು ಎತ್ತಿದವನು ತನ್ನ ಗಾಡಿ ತಪ್ಪಿಸಿಕೊಂಡಿರುತ್ತಾನೆ.

ಇದು ಊರಿನ ಉಸಾಬರಿ ಬೇಡವಾದವರ ಪಲಾಯನ ಎಂದು ಓದಿದ ಹುಡುಗರು ನಗುತ್ತಾರೆ. ಹಾಗೆ ತೀರ್ಪು ಕೊಡುವ ಮೊದಲು ಕಾಕಾ ಅಮೆರಿಕದಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂದು ನೋಡಬೇಕು. ಹಾಲಿವುಡ್ಡಿನ ಬಂಗಲೆಗಳ ಮಾತು ಅವರಿಗೆ ಬೇಡ. ಬೇಕಾದದ್ದು ಹೊಗೆ, ರಸ್ತೆ, ಸೋತವನ ನ್ಯಾಯ, ಪತ್ರಿಕೆಯ ಕೆಲಸದಿಂದಲೂ ಕುರ್ಚಿ ಅಲುಗಾಡಿ 1974ರ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟ ನಿಕ್ಸನ್. ಎಲ್ಲವೂ ನಮ್ಮವೇ ತಕರಾರುಗಳು, ಹೆಸರು ಮಾತ್ರ ಅವರವು. ಕಾರಣ ಕಷ್ಟದ್ದೇನಲ್ಲ. ಸಿಮೆಂಟಿನ ಊರಿನಲ್ಲಿ ಧೂಳನ್ನು ಬೈದರೆ ಎದುರು ಕೂತವನ ಅಳಿಯ ಅದೇ ಕಾರ್ಖಾನೆಯ ಪಾಳಿಯಲ್ಲಿರುತ್ತಾನೆ. ಶಾಸಕರ ಮಾತೆತ್ತಿದರೆ ಪಕ್ಕದ ಬೆಂಚಿನಲ್ಲಿ ಅವರ ಕಡೆಯವನಿರುತ್ತಾನೆ, ಸಂಜೆಯೊಳಗೆ ಮಾತು ಮುಟ್ಟುವಲ್ಲಿ ಮುಟ್ಟುತ್ತದೆ. ನಿಕ್ಸನ್ನನನ್ನು ಬೈದರೆ ಯಾವ ಬೀಗರೂ ಮುನಿಸಿಕೊಳ್ಳುವುದಿಲ್ಲ. ಲಗ್ನದ ಪಂಕ್ತಿಯಲ್ಲಿ ನಾಳೆ ಮುಖ ನೋಡಬೇಕಾದ ಜನರ ನಡುವೆ ರಾಜಕೀಯ ಮಾತಾಡಲು ಅಮೆರಿಕದಷ್ಟು ಅನುಕೂಲದ ಊರು ಇನ್ನೊಂದಿಲ್ಲ.

ಸರಿ, ಆದರೂ ಅಷ್ಟು ದೂರದ ದೇಶ ಯಾಕೆ ಎಂಬ ಪ್ರಶ್ನೆ ಉಳಿಯುತ್ತದೆ. ದೂರದ್ದೆಂಬುದೇ ಪೂರಾ ನಿಜವಲ್ಲ. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಾಗ ಬೊಂಬಾಯಿಯಲ್ಲಿ ಬೆಲೆ ಏರಿ ದಖ್ಖನಿನ ಎರೆಹೊಲಗಳಲ್ಲಿ ಹತ್ತಿ ಹಬ್ಬಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಬೆಲೆ ಬಿತ್ತು, ಸಾಲ ಉಳಿಯಿತು. ಬದುವಿನ ಮೇಲಿನ ಕಾಂಗ್ರೆಸ್ ಕಸವನ್ನು ಕಿತ್ತು ಕೈ ತುರಿಸಿಕೊಳ್ಳುವ ರೈತ ಅದು ಅಮೆರಿಕದ ಗೋಧಿಯ ಜೊತೆ ಬಂದದ್ದೆಂಬ ಮಾತನ್ನು ಕೇಳಿಯೇ ಇರುತ್ತಾನೆ. ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸಿ, ಹೈದರಾಬಾದಿನ ಅಮೀರಪೇಟೆಯಲ್ಲಿ ಕೋರ್ಸು ಮಾಡಿ ಡಲ್ಲಾಸ್ ಸೇರಬೇಕೆಂದಿರುವ ಹುಡುಗನ ಮನೆಯಲ್ಲಿ, 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಸುದ್ದಿ ಬಂದ ದಿನ ಊಟ ಸೇರಿರಲಿಕ್ಕಿಲ್ಲ. ಆ ದಿನ ಅದನ್ನು ಬಿಡಿಸಿ ಹೇಳಬಲ್ಲವರು ಓಣಿಯಲ್ಲಿ ಕಾಕಾ ಒಬ್ಬರೇ. ಅಲ್ಲಿಯವರೆಗೆ ಅವರನ್ನು ಕಂಡು ರಸ್ತೆ ದಾಟುತ್ತಿದ್ದವರೇ ಅವತ್ತು ಚಾ ಹೇಳಿ ಕೂರಿಸುತ್ತಾರೆ. ಡೊನೋರಾ ಎಂಬ ಹೆಸರನ್ನು ಇಷ್ಟು ಠೀವಿಯಿಂದ ಬರೆಯುತ್ತಿರುವ ನನ್ನಂಥವರೂ ಅದನ್ನು ಕಲಿತದ್ದು ಇಂಥ ಕಾಕಾಗಳಿಂದಲೇ, ಯಾವ ಗ್ರಂಥದಿಂದಲೂ ಅಲ್ಲ.

ಹಾಗಾದರೆ ತಕರಾರು ಇರುವುದು ಅವರ ಜ್ಞಾನದ ಮೇಲಲ್ಲ, ಅವರು ಒನ್‌ವೇ ಟಿಕೆಟ್ ತೆಗೆಸುವುದರ ಮೇಲೆ. ಕೆನಡಿ-ನಿಕ್ಸನ್ 1960ರಲ್ಲಿ ಟಿವಿಯಲ್ಲಿ ಎದುರುಬದುರಾದದ್ದನ್ನು ಹೇಳುವವರು, ಚಿಂಚೋಳಿಯ ವೀರೇಂದ್ರ ಪಾಟೀಲರು 1978ರಲ್ಲಿ ಚಿಕ್ಕಮಗಳೂರಿಗೆ ಹೋಗಿ ಇಂದಿರಾ ಗಾಂಧಿಯವರ ಎದುರು ನಿಂತು ಸೋತದ್ದನ್ನು ಮೊಮ್ಮಗನಿಗೆ ಹೇಳುವುದಿಲ್ಲ. ರಶ್ಮೋರ್ ಬೆಟ್ಟದ ನಾಲ್ಕು ಮುಖಗಳ ಎತ್ತರ ಬಾಯಿಪಾಠ, ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪವೇ ಸಿಕ್ಕಿರುವುದು ನೆನಪಿಲ್ಲ. ಊರಿನ ಮಾತಾಡಿದರೆ ನಿಷ್ಠುರವಾಗುತ್ತದೆ ಎಂಬ ನೆಪ ಇಲ್ಲಿ ನಡೆಯದು. ಅಶೋಕನಿಗೆ ಈಗ ಬೀಗರು ಉಳಿದಿಲ್ಲ. ಧೂಳಿನ ವಿಷಯದಲ್ಲೂ ಆ ನೆಪ ಅರ್ಧವೇ ನಿಲ್ಲುತ್ತದೆ. ಡೊನೋರಾದ ಮನೆಮನೆಯ ಅನ್ನವೂ ಅಲ್ಲಿನ ಕಾರ್ಖಾನೆಗಳಲ್ಲೇ ಇತ್ತು, ಅಲ್ಲಿಯೂ ಅಳಿಯಂದಿರು ಪಾಳಿಗೆ ಹೋಗುತ್ತಿದ್ದರು. ಆದರೂ ಮಾತು ಹೊರಬಿತ್ತು, ಹೊರಬಿದ್ದದ್ದರಿಂದಲೇ ಅದು ಕಾನೂನಿನ ತನಕ ಹೋಯಿತು. ಇದನ್ನು ಕಾಕಾ ಎಲ್ಲರಿಗಿಂತ ಚೆನ್ನಾಗಿ ಬಲ್ಲರು. ಅವರು ಮುಂದಿನ ಸಲ ಪುರಸಭೆಯ ಸಭೆಗೆ ಹೋಗಿ ಡೊನೋರಾದ ಕಥೆಯನ್ನೇ ಪೂರ್ತಿ ಹೇಳಲಿ, ಕೊನೆಗೆ ನಮ್ಮ ವಾರ್ಡಿನ ನಂಬರನ್ನೂ ಸೇರಿಸಲಿ. ಎಷ್ಟು ಉದ್ದವಾದರೂ ಕೇಳುತ್ತೇವೆ, ಬೇಕಾದರೆ ಗಾಡಿಯನ್ನೂ ಬಿಡುತ್ತೇವೆ.